ಡ್ರಮ್ಮಿಗೆ ತೊಡಿಸಿದ ಬಳೆ

ವಿರುಪಮ್ಮನ ಟ್ರ್ಯಾಕ್ಟರ್ ಯಾರೂ ಓಡಿಸದೆ ತಾನೇ ನಡೆಯುತ್ತದೆ ಎಂಬ ಸುದ್ದಿ ಪಾಪಿನಾಯಕನಹಳ್ಳಿಯಿಂದ ಹೊಸಪೇಟೆಯ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯವರೆಗೂ ಬಂದಿತ್ತು. ದೆವ್ವಕ್ಕೆ ಡೀಸೆಲ್ ಹಾಕುವವರು ಯಾರಪ್ಪ ಎಂದು ನಾನು ನಕ್ಕೆ. ಪಕ್ಕದ ಲೇತ್ ಅಂಗಡಿಯ ಜಡೆಪ್ಪ ನಗಲಿಲ್ಲ. ಅವನು ಆ ಗಾಡಿಯನ್ನೂ ಬಲ್ಲ, ಆ ಮನೆಯನ್ನೂ ಬಲ್ಲ.

ವಿರುಪಮ್ಮ ದರೋಜಿಯ ಹೆಣ್ಣು. ಮಾವನ ಕಾಲದ ಈ ಕೆಂಪು ಟ್ರ್ಯಾಕ್ಟರಿನ ಟ್ರೇಲರಿನಲ್ಲೇ ಕೂತು ಮದುವಣಗಿತ್ತಿಯಾಗಿ ಬಂದವಳು. ಗಂಡ ಭರಮಣ್ಣ ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎಂದು ತುಟಿ ಬಿಗಿದಿರುವಂಥ ಮನುಷ್ಯ. ಅವನು ಹೊಲದಿಂದ ಹೊರಟನೋ, ಕಾಲುವೆ ದಾಟಿದನೋ, ಎಲ್ಲವೂ ಅವಳಿಗೆ ಇಂಜಿನ್ ಸದ್ದಿನಿಂದಲೇ ತಿಳಿಯಬೇಕು. ಕಾಲುವೆ ಏರಿಯ ಮೇಲೆ ಗಾಡಿ ಗೇರ್ ಬದಲಿಸಿತೆಂದರೆ ಇವಳು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಅವನು ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಬಿಸಿ ರೊಟ್ಟಿ ತಾಟಿಗೆ ಬಿದ್ದಿರುತ್ತಿತ್ತು. ಅವರ ಸಂಸಾರದ ಮುಕ್ಕಾಲು ಮಾತುಕತೆ ಹೀಗೇ ನಡೆದದ್ದು.

ಆಮೇಲೆ ಅದಿರಿನ ಕಾಲ ಬಂತು. ಉಳುವ ಟ್ರ್ಯಾಕ್ಟರುಗಳೆಲ್ಲ ಕೆಂಪು ಮಣ್ಣು ಹೇರಿಕೊಂಡು ಯಾರ್ಡುಗಳಿಗೆ ಓಡತೊಡಗಿದವು. ಭರಮಣ್ಣನೂ ಓಡಿದ. ಸಂಡೂರಿನ ಇಳಿಜಾರಿನಲ್ಲಿ ಒಂದು ದಿನ ತುಂಬಿದ ಟ್ರೇಲರ್ ಹಿಂದಿನಿಂದ ನೂಕಿತು, ಬ್ರೇಕ್ ಹಿಡಿಯಲಿಲ್ಲ. ಗಾಡಿಯನ್ನು ಗುಡ್ಡದ ಬದಿಗೆ ತಿರುಗಿಸಿ ಹೇಗೋ ನಿಲ್ಲಿಸಿದ, ತಾನು ಮಾತ್ರ ಉರುಳಿಬಿದ್ದು ಸತ್ತ. ಊರವರು ಗಾಡಿಯನ್ನು ಎಳೆದು ತಂದು ಮನೆಯ ಮುಂದೆ ಬಿಟ್ಟರು.

ಅಂದಿನಿಂದ ಅದು ಸ್ವಂತ ಹೊಲ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ವರ್ಕ್‌ಶಾಪಿಗೆ ಒಯ್ಯಲು ವಿರುಪಮ್ಮ ಬಿಡಲಿಲ್ಲ. ಬ್ಯಾಟರಿ ಸೊರಗಿತ್ತು. ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡಲೆಂದು ಮಗ ಹೊನ್ನೂರುಸ್ವಾಮಿ ಅದನ್ನು ಅಂಗಳದ ಏರಿನಲ್ಲಿ ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕಿಗೆ ಕೊಂಡಿ ಹಾಕಿ ನಿಲ್ಲಿಸುತ್ತಿದ್ದ. ಹೆದ್ದಾರಿಯಲ್ಲಿ ಇರುಳಿಡೀ ಅದಿರಿನ ಲಾರಿಗಳು ಓಡಿ ನೆಲ ಅದುರುತ್ತಿತ್ತು. ಕೆಲವು ದಿನ ಬೆಳಗಾಗುವಷ್ಟರಲ್ಲಿ ಟ್ರ್ಯಾಕ್ಟರ್ ಮೆಲ್ಲಗೆ ಜಾರಿ ಬಾಗಿಲಿಗೆ ಬಂದು ನಿಂತಿರುತ್ತಿತ್ತು. ಗಾಲಿಯಡಿ ಹರಳು ನುರಿಯುವ ಸದ್ದು ಕೇಳಿದರೆ ವಿರುಪಮ್ಮ ಎದ್ದು ಒಲೆ ಹಚ್ಚುತ್ತಿದ್ದಳು. ಮೊದಲ ರೊಟ್ಟಿಯನ್ನು ಡ್ರೈವರ್ ಸೀಟಿನ ಮೇಲೆ ಇಡುತ್ತಿದ್ದಳು. ಗಂಡ ಬಂದಿದ್ದಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ತುಂಬು ಬಸುರಿ ಸೊಸೆ ಭಾಗ್ಯ ಒಂದು ಮುಂಜಾನೆ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಇನ್ನಷ್ಟು ಪುಡಿ ತರಲು ಎದ್ದು ಒಳಗೆ ಹೋದಳು. ತಿರುಗಿ ಬಂದು ನೋಡಿದರೆ ರಂಗೋಲಿಯ ಮೇಲೆ ಗಾಲಿ ನಿಂತಿದೆ, ಪಕ್ಕದಲ್ಲಿಟ್ಟಿದ್ದ ಬಕೆಟ್ ಅಪ್ಪಚ್ಚಿಯಾಗಿದೆ.

"ಮಾವಾರು ಬರ್ಲಿ, ಬ್ಯಾಡ ಅನ್ನಂಗಿಲ್ಲ," ಎಂದಳಂತೆ ಭಾಗ್ಯ. "ಬ್ರೇಕ್ ಹಾಕ್ಕೊಂಡು ಬರ್ಲಿ."

ಹೊನ್ನೂರುಸ್ವಾಮಿ ತಾಯಿಯ ಮಾತು ಕೇಳದೆ ಹಿಂದಿನ ಗಾಲಿಗಳ ಎರಡೂ ಬ್ರೇಕ್ ಡ್ರಮ್ ಬಿಚ್ಚಿ ಹೊಸಪೇಟೆಗೆ ತಂದ. ವಿರುಪಮ್ಮ ಹಿಂದೆಯೇ ಬಸ್ಸು ಹತ್ತಿ ಬಂದು ಜಡೆಪ್ಪನ ಅಂಗಡಿಯಲ್ಲಿ ಕೂತಳು. ಜಡೆಪ್ಪ ಡ್ರಮ್ಮಿನೊಳಗೆ ಬೆರಳಾಡಿಸಿದ.

"ಇದು ಡ್ರಮ್ ಅಲ್ಲಲೇ, ಬೋಗುಣಿ ಆಗೈತಿ. ಗಾಲಿಗೆ ಕಲ್ಲು ಕೊಡಂಗಿಲ್ಲೇನು?"

"ದಿನಾ ಕೊಡ್ತೀನಣ್ಣ," ಎಂದ ಹೊನ್ನೂರುಸ್ವಾಮಿ. "ಮುಂಜಾನಿ ಒಮ್ಮೊಮ್ಮೆ ಕಲ್ಲ ಇರಂಗಿಲ್ಲ."

ವಿರುಪಮ್ಮ ರಸ್ತೆಯ ಕಡೆ ಮುಖ ತಿರುಗಿಸಿದಳು.

ಅಷ್ಟು ಹಳೆಯ ಗಾಡಿಯ ಡ್ರಮ್ ಎಲ್ಲೂ ಸಿಗುವುದಿಲ್ಲ. ಇದ್ದುದನ್ನೇ ಒಳಗೆ ಕೊರೆದು ಅಗಲ ಮಾಡಿ, ಬೀಡುಕಬ್ಬಿಣದ ಹೊಸ ಸುತ್ತೊಂದನ್ನು ಕೂರಿಸಬೇಕು. ಅದಕ್ಕೆ ಜಡೆಪ್ಪನ ಬಾಯಲ್ಲಿ ಬಳೆ ಎಂದೇ ಹೆಸರು. ಮರುದಿನ ವಿರುಪಮ್ಮ ಮತ್ತೆ ಬಂದು ಕೂತಿದ್ದಳು, ನಾನೂ ಅಲ್ಲಿದ್ದೆ. ಜಡೆಪ್ಪ ಡ್ರಮ್ ಕಾಸಿ, ಅದು ಹಿಗ್ಗಿದ ಗಳಿಗೆಯಲ್ಲಿ ಸುತ್ತನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ರೂಢಿಯಂತೆ ಹೇಳಿಬಿಟ್ಟ: "ಸರೀರಿ ಅಕ್ಕಾ, ಬಳಿ ತೊಡಸ್ತೀನಿ."

ಹೇಳಿದವನೇ ನಾಲಿಗೆ ಕಚ್ಚಿಕೊಂಡ. ವಿರುಪಮ್ಮನ ಬರಿಗೈ ಮಡಿಲಲ್ಲಿತ್ತು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಸುತ್ತು ಡ್ರಮ್ಮಿನೊಳಗೆ ಸಲೀಸಾಗಿ ಇಳಿಯಿತು.

"ಈ ಬಳಿ ಒಡಿತೈತೇನಪ್ಪ?" ಎಂದು ವಿರುಪಮ್ಮ ಕೇಳಿದಳು.

"ಒಡಿಯಂಗಿಲ್ಲಕ್ಕಾ. ಡ್ರಮ್ ಆರಿದಂಗ ಬಿಗಿ ಹಿಡಿತೈತಿ."

"ಆಮ್ಯಾಲೆ ಗಾಡಿ ನಡಿಯಂಗಿಲ್ಲ?"

"ನಿಂದ್ರಿಸಿದಲ್ಲೇ ನಿಂದರ್ತೈತ್ರಿ."

"ಹಂಗಾದ್ರ ಅವ್ರು ಬರಂಗಿಲ್ಲ."

ಜಡೆಪ್ಪ ಇಕ್ಕಳ ಕೆಳಗಿಟ್ಟ. "ಬಾಗಲ ಮುಂದ ಸೊಸಿ ಕುಂದರ್ತಾಳಕ್ಕಾ," ಎಂದ.

 ವಿರುಪಮ್ಮ ಇನ್ನೊಂದು ಡ್ರಮ್ಮನ್ನು ತಾನೇ ಅವನ ಮುಂದೆ ಸರಿಸಿದಳು. "ಇದಕ್ಕೂ ತೊಡಸು," ಎಂದಳು.

ಡ್ರಮ್ ಜೋಡಿಸಲು ಜಡೆಪ್ಪನ ಜೊತೆ ನಾನೂ ಪಾಪಿನಾಯಕನಹಳ್ಳಿಗೆ ಹೋದೆ. ಕೆಲಸ ಮುಗಿದಾಗ ಹೊತ್ತು ಮುಳುಗಿತ್ತು, ಅಲ್ಲೇ ಉಳಿದೆವು. ಹೊನ್ನೂರುಸ್ವಾಮಿ ಅಭ್ಯಾಸದಂತೆ ಗಾಲಿಗೆ ಕಲ್ಲು ಕೊಟ್ಟು ಒಳಗೆ ಹೋದ. ದೀಪ ಹಚ್ಚಿ ಹೊರಗೆ ಬಂದ ವಿರುಪಮ್ಮ ಆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಬೇವಿನ ಮರದ ಬುಡಕ್ಕೆ ಹಾಕಿದಳು. ಕಟ್ಟೆಯ ಮೇಲೆ ಕೂತ ನಾನು ಅವಳ ಕಣ್ಣಿಗೆ ಬಿದ್ದೆ. ಅವಳೇನೂ ಅಂಜಲಿಲ್ಲ.

"ಇದೊಂದು ಸಲ," ಎಂದಳು. "ನಾಳಿ ರಂಗೋಲಿ ನಾನ ಹಾಕ್ತೀನಿ ಅಂತ ಭಾಗ್ಯಾಗ ಹೇಳೀನಿ."

ದೆವ್ವ ಎಂದು ನಕ್ಕಿದ್ದ ನನಗೆ ಅಂದು ನಿದ್ದೆ ಹತ್ತಲಿಲ್ಲ. ಲಾರಿ ಹೋದಾಗಲೆಲ್ಲ ಹರಳು ನುರಿದಂತೆ ಕೇಳುತ್ತಿತ್ತು.

ನಸುಕಿನಲ್ಲಿ ವಿರುಪಮ್ಮ ಬಾಗಿಲ ಮುಂದೆ, ಟ್ರ್ಯಾಕ್ಟರಿಗೆ ಎದುರಾಗಿಯೇ ಕೂತು ಚುಕ್ಕಿ ಇಟ್ಟಳು. ಒಂದೊಂದು ಚುಕ್ಕಿಗೂ ತಲೆಯೆತ್ತಿ ನೋಡಿದಳು. ರಂಗೋಲಿ ಮುಗಿಯಿತು. ಗಾಡಿ ಕದಲಲಿಲ್ಲ. ಅವಳು ಸುಮ್ಮನೆ ಕೂತೇ ಇದ್ದಳು. ಬೆಳಕು ಹರಿದ ಮೇಲೆ ಎದ್ದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿತು.

ರೊಟ್ಟಿ ಹಿಡಿದು ಹೊರಗೆ ಬಂದವಳು ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಕೊಡಲು ಅಂಗಳ ದಾಟಿ, ಏರು ಹತ್ತಿ, ಗಾಡಿಯ ಬಳಿಗೆ ತಾನೇ ಹೋದಳು. ರೊಟ್ಟಿಯನ್ನು ಸೀಟಿನ ಮೇಲಿಟ್ಟು ಸ್ಟೇರಿಂಗ್ ಮುಟ್ಟಿದಳು.

"ನಿಮಗ ಬರಾಕ ಆಗಂಗಿಲ್ಲ ಅಂದ್ರ ಇರ್ರಿ," ಎಂದಳು. "ನಾನ ಬರ್ತೀನಿ."

ಆಮೇಲೆ ಬೇವಿನ ಬುಡದಿಂದ ಕಲ್ಲು ತಂದು, ಗಾಲಿಗೆ ಒತ್ತಿ ಇಟ್ಟಳು.