ಎರಡು ಗುಳಿಯ ಮೋಸ

ಕಳೆದ ಭಾನುವಾರ ಅಳಗುಳಿ ಮಣೆಯಲ್ಲಿ ಮೋಸ ಮಾಡಿದೆ. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಇದು ಶೋಭೆಯೇ? (ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ಗೋಡೆಗೆ ಮುಖಮಾಡಿ ನಿಲ್ಲಿಸುತ್ತಿದ್ದರು.)

ಹಾಸನದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಚೈತ್ರ ಕಟ್ಟಾಯದ ಹುಡುಗಿ. ಫೈನಲ್ ಇಯರ್ ಇಂಜಿನಿಯರಿಂಗ್. ಮರುದಿನ ಪ್ರಾಜೆಕ್ಟ್ ವೈವಾ; ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬರುತ್ತಾರೆ. ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಬಿಟ್ ಕೆಟ್ಟರೆ ಪತ್ತೆಹಚ್ಚಿ ತಿದ್ದುವ ಸರ್ಕ್ಯೂಟ್. ಅದರ ಸಿಮ್ಯುಲೇಷನ್ ಲ್ಯಾಪ್‌ಟಾಪಿನಲ್ಲಿ.

"ನಿಮ್ಗೆ ಅರ್ಥ ಆದ್ರೆ ಎಕ್ಸ್‌ಟರ್ನಲ್‌ಗೂ ಆಯ್ತದೆ ಬುಡಿ ಆಂಟಿ," ಎಂದು ನನ್ನ ಮಣೆಯನ್ನೇ ಎಳೆದುಕೊಂಡಳು. ಒಂದು ಸಾಲಿನ ಏಳು ಗುಳಿ, ಏಳು ಬಿಟ್. ಹುಣಸೆಬೀಜ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನಾಲ್ಕು ನಾಲ್ಕು ಗುಳಿಗಳ ಮೂರು ಗುಂಪು; ಕೆಲವು ಗುಳಿಗಳು ಒಂದಕ್ಕಿಂತ ಹೆಚ್ಚು ಗುಂಪಿಗೆ ಸೇರುತ್ತವೆ. ಪ್ರತಿ ಗುಂಪಿನಲ್ಲೂ ಬೀಜ ಸಮಸಂಖ್ಯೆಯಲ್ಲಿರಬೇಕು. ಯಾವ್ಯಾವ ಗುಂಪು ಬೆಸವಾಯಿತು ಎಂದು ನೋಡಿದರೆ ತಪ್ಪಿದ ಗುಳಿ ಸಿಗುತ್ತದೆ.

"ಆ ಕಡೆ ತಿರುಗ್ಕತೀನಿ. ಒಂದ್ ಗುಳಿ ಬದ್ಲಾಯ್ಸಿ."

ಬದಲಾಯಿಸಿದೆ. ತಿರುಗಿದವಳೇ ಹಿಡಿದಳು. ಮತ್ತೆ ಹಿಡಿದಳು. ನನಗೆ ರೇಗಿತು. ಮೂರನೆಯದನ್ನೂ ಐದನೆಯದನ್ನೂ ಒಟ್ಟಿಗೆ ಬದಲಾಯಿಸಿ ಸುಮ್ಮನೆ ಕುಳಿತೆ.

ಚೈತ್ರ ಎಣಿಸಿದಳು. ಸರಿಯಾಗಿಯೇ ಇದ್ದ ಆರನೆಯ ಗುಳಿಗೆ ಕೈಹಾಕಿ ತಿದ್ದಿದಳು. "ಸರಿಯಾಯ್ತು ಕಣಾಂಟಿ!"

ಎರಡು ತಪ್ಪು ಮೂರಾಗಿತ್ತು. ಎಂಥ ಕಾನ್ಫಿಡೆನ್ಸ್!

ನಿಜ ಹೇಳಿದೆ. ಅವಳು ಲ್ಯಾಪ್‌ಟಾಪಿನಲ್ಲೂ ಎರಡು ಬಿಟ್ ಕೆಡಿಸಿ ನೋಡಿದಳು. ಹಸಿರಕ್ಷರದಲ್ಲಿ ‘ಕರೆಕ್ಟೆಡ್’ ಎಂದು ಬಂತು. ಅವಳ ಮುಖ ಬಾಡಿತು.

"ನಿಮ್ಮಂಗೆ ಯಾರ್ ಎರಡ್ ಕೆಡಿಸ್ತಾರೆ? ನಾಳೀಕೆ ಒಂದೇ ತೋರ್ಸಿ ಬಂದ್ಬುಡ್ತೀನಿ."

"ಅವರು ಕೇಳಿಬಿಟ್ಟರೆ?"

"ಓಯ್ತು ಮಾರ್ಕ್ಸು!"

ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿ ಹತ್ತಿದಳು. ಸಂಜೆ ಇಳಿದು ಬಂದು, ಎದುರು ಸಾಲಿನಿಂದ ಇನ್ನೊಂದು ಗುಳಿ ಸೇರಿಸಿಕೊಂಡಳು. ಈಗ ಎಂಟರ ಒಟ್ಟು ಬೀಜವೂ ಸಮವಿರಬೇಕು. ಒಟ್ಟು ಸಮವಿದ್ದೂ ಗುಂಪು ಬೆಸವಾಗಿದ್ದರೆ ತಪ್ಪು ಎರಡಿವೆ. ಯಾವುವು? ತಿಳಿಯುವುದಿಲ್ಲ. ಆಗ ಸರ್ಕ್ಯೂಟ್ ಏನನ್ನೂ ಮುಟ್ಟದೆ ‘ಎರರ್’ ಎಂದಷ್ಟೇ ಹೇಳಿ ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲೂ ಹಾಗೇ ಮಾಡಿಕೊಂಡಳು.

ಸೋಮವಾರ ಯಾರೂ ಕೇಳುವ ಮೊದಲೇ ತಾನೇ ಎರಡು ಬಿಟ್ ಕೆಡಿಸಿ ತೋರಿಸಿದಳಂತೆ.

"ಏನಮ್ಮಾ, ನಿನ್ನ ಸರ್ಕ್ಯೂಟ್ ಕೈಚೆಲ್ಲಿ ಕೂತಿದೆ?" ಎಂದರಂತೆ ಎಕ್ಸ್‌ಟರ್ನಲ್.

"ತಪ್ಪಾಗಿ ತಿದ್ದೋದ್ಕಿಂತ ಗೊತ್ತಿಲ್ಲ ಅನ್ನೋದೇ ವಾಸಿ ಅಲ್ವಾ ಸಾ?"

ಅವರು ನಕ್ಕು ಸಹಿ ಹಾಕಿದರಂತೆ.

ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷ ಟೀಚರಾಗಿದ್ದವಳು ನಾನು. ಎಷ್ಟು ಮಕ್ಕಳ ಸರಿಯುತ್ತರಗಳನ್ನು ಕೆಂಪು ಇಂಕಿನಲ್ಲಿ ತಿದ್ದಿದೆನೋ!

ಕ್ಲಾಸಿನಲ್ಲಿ ನಿಂತು ಒಂದೇ ಒಂದು ಸಲವಾದರೂ "ನನಗೆ ಗೊತ್ತಿಲ್ಲ" ಅಂದಿದ್ದೆನೇ?