ಮೂರನೇ ಸ್ಲಾಟಿನ ಹತ್ತು ದೋಷಗಳು

೧೯೯೭ರಲ್ಲಿ ನಾನು ಬ್ರಿಸ್ಬೇನ್‌ನಲ್ಲಿ ಒಂದು ಸರ್ವರ್ ಕಂಪನಿಯ ಸೀನಿಯರ್ ಸಪೋರ್ಟ್ ಎಂಜಿನಿಯರ್ ಆಗಿದ್ದೆ. ಟೂವಾಂಗ್‌ನಲ್ಲಿ ಬಾಡಿಗೆ ಮನೆ. ದೇಶದ ಯಾವ ಊರಿನಲ್ಲಿ ನಮ್ಮ ಮೆಷಿನ್ ಕೈಕೊಟ್ಟರೂ ಕೊನೆಗೆ ಫೈಲು ನನ್ನ ಮೇಜಿಗೆ ಬರುತ್ತಿತ್ತು. ಮೆಷಿನ್‌ಗಳ ವಿಷಯದಲ್ಲಿ ನನಗೆ ತಾಳ್ಮೆ ಬಹಳ, ಮನುಷ್ಯರ ವಿಷಯದಲ್ಲಿ ಅಷ್ಟಿಲ್ಲ. ಈ ಪ್ರಕರಣವನ್ನು ನಾನು ಬಿಡಿಸಿದ್ದು ಒಬ್ಬನಿಗೆ ಬುದ್ಧಿ ಕಲಿಸಬೇಕೆಂಬ ಹಟದಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ವರ್ಷದ ಚಳಿಗಾಲದಲ್ಲಿ ಅಡಿಲೇಡ್‌ನ ಒಂದು ಪ್ಯಾಥಾಲಜಿ ಲ್ಯಾಬಿಗೆ ನಮ್ಮ ಸರ್ವರ್ ಹೋಗಿತ್ತು. ಹೊಸ ಮೆಷಿನ್‌ಗಳನ್ನೆಲ್ಲ ಪರ್ತ್‌ನ ಗೋದಾಮಿನಲ್ಲಿ ಜೋಡಿಸಿ, ಪರೀಕ್ಷಿಸಿ ಕಳಿಸುವುದು ವಾಡಿಕೆ. ಅಡಿಲೇಡ್‌ನಲ್ಲಿ ಅದರ ಮುಚ್ಚಳ ತೆಗೆದು ಹೆಚ್ಚುವರಿ ಮೆಮೊರಿ ಹಾಕಿ ಅಳವಡಿಸಿ ಬಂದವರು ವಿಲ್ಫ್ರೆಡ್ ಅಂಕಲ್. ಮಂಗಳೂರಿನವರು, ಆಗ ಐವತ್ತೆರಡು ವರ್ಷ. ಕುವೈತ್‌ನಲ್ಲಿ ಹದಿನಾಲ್ಕು ವರ್ಷ ಕಂಪ್ಯೂಟರ್ ರಿಪೇರಿ ಮಾಡಿ, ಯುದ್ಧ ಬಂದಾಗ ಎರಡು ಸೂಟ್‌ಕೇಸಿನೊಂದಿಗೆ ಹೊರಟು ಬಂದವರು. ಅಡಿಲೇಡ್‌ನದೇ ಬಡಾವಣೆ ಮಾಡ್ಬರಿಯಲ್ಲಿ ಸಂಸಾರ. ನಮ್ಮ ಕಂಪನಿಯಲ್ಲಿ ಅವರದು ಗುತ್ತಿಗೆ ಕೆಲಸ.

ಆರು ವಾರಗಳಲ್ಲಿ ಆ ಸರ್ವರ್ ನಾಲ್ಕು ಸಲ ನೀಲಿ ಪರದೆ ತೋರಿಸಿ ನಿಂತಿತು. ಪ್ರತಿಸಲವೂ ರಕ್ತಪರೀಕ್ಷೆಯ ವರದಿಗಳನ್ನು ಲ್ಯಾಬಿನವರು ಡಾಕ್ಟರರಿಗೆ ಫೋನಿನಲ್ಲಿ ಓದಿ ಹೇಳಬೇಕಾಯಿತು. ಪರ್ತ್ ಶಾಖೆಯ ಮ್ಯಾನೇಜರ್ ಗ್ರಹಾಂ ತನಿಖೆ ಮಾಡಿ ಎರಡು ಪುಟದ ವರದಿ ಕಳಿಸಿದ. ದೋಷದ ದಾಖಲೆಗಳೆಲ್ಲ ವಿಲ್ಫ್ರೆಡ್ ಮೆಷಿನ್ ಬಿಚ್ಚಿದ ದಿನದವು, ಆಮೇಲೆ ಒಂದೂ ಇಲ್ಲ. ಆದ್ದರಿಂದ ಅವರ ಕೈಯ ಸ್ಟ್ಯಾಟಿಕ್ ವಿದ್ಯುತ್ತಿನಿಂದಲೇ ಮೆಮೊರಿ ಕೆಟ್ಟಿದೆ ಎಂದು ತೀರ್ಪು. ಶುಕ್ರವಾರದೊಳಗೆ ಅವರ ಗುತ್ತಿಗೆ ರದ್ದು ಮಾಡಿ, ಇನ್ನು ಯಾವ ಗ್ರಾಹಕರಲ್ಲಿಗೂ ಕಳಿಸಬಾರದು ಎಂದು ಶಿಫಾರಸು.

ಸೋಮವಾರ ಫೋನ್ ಸಭೆ ನಡೆಯಿತು. ಅಂಕಲ್ ಕೂಡ ಲೈನಿನಲ್ಲಿದ್ದರು. ಗ್ರಹಾಂ, "ಗಲ್ಫ್‌ನಲ್ಲಿ ಕಲಿತವರ ಕೈಗೆ ಮೆಷಿನ್ ಕೊಟ್ಟರೆ ಹೀಗೇ ಆಗುವುದು," ಎಂದ. ಇಬ್ಬರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸಭೆ ಮುಗಿದ ಮೇಲೆ ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ಸ್ಟ್ಯಾಟಿಕ್ ತಗಲದ ಹಾಗೆ ಕೈಗೆ ರಿಸ್ಟ್ ಸ್ಟ್ರಾಪ್ ಹಾಕ್ಕೊಂಡಿದ್ರಾ?"

"ಹಾಕದೆ ನಾನು ಮುಚ್ಚಳ ಮುಟ್ಟುವುದೇ ಇಲ್ಲ ಮಾರಾಯ್ತಿ. ಆದರೆ ನನ್ನ ಮಾತು ಯಾರು ಕೇಳ್ತಾರೆ? ಈ ಪ್ರಾಯದಲ್ಲಿ ನನಗೆ ಬೇರೆ ಎಂತ ಕೆಲಸ ಉಂಟು, ಹೇಳು?"

"ಶುಕ್ರವಾರದ ತನಕ ಏನಕ್ಕೂ ಸೈನ್ ಹಾಕ್ಬೇಡಿ. ಅವನನ್ನ ನಾನು ನೋಡ್ಕೋತೀನಿ," ಎಂದೆ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಸರ್ವರಿನ ಮೆಮೊರಿಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಬಿಟ್, ಅಂದರೆ ಒಂದು ಅಂಕೆ, ತಪ್ಪುತ್ತದೆ. ECC ಎಂಬ ವ್ಯವಸ್ಥೆ ಅದನ್ನು ಕೂಡಲೇ ತಿದ್ದುತ್ತದೆ. ತಿದ್ದಿದ್ದನ್ನು ಬರೆದಿಡುವುದು ಫರ್ಮ್‌ವೇರ್‌ನ ಕೆಲಸ. ಫರ್ಮ್‌ವೇರ್ ಎಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ, ಆಪರೇಟಿಂಗ್ ಸಿಸ್ಟಮ್‌ಗಿಂತ ಮೊದಲೇ ಎಚ್ಚರಗೊಳ್ಳುವ ಪ್ರೋಗ್ರಾಮ್. ಅದು ಆಪರೇಟಿಂಗ್ ಸಿಸ್ಟಮ್ಮನ್ನು ಅರೆಕ್ಷಣ ತಡೆದು, ಲಾಗ್ ಎಂಬ ತನ್ನ ದಾಖಲೆಯಲ್ಲಿ ಒಂದು ಸಾಲು ಬರೆದು, ಏನೂ ಆಗಿಲ್ಲವೆಂಬಂತೆ ಮತ್ತೆ ಬಿಟ್ಟುಬಿಡುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಇದರ ಸುಳಿವೂ ಇರುವುದಿಲ್ಲ. ಎರಡು ಬಿಟ್ ಒಟ್ಟಿಗೆ ತಪ್ಪಿ, ತಿದ್ದಲು ಸಾಧ್ಯವೇ ಇಲ್ಲವೆಂದಾಗ ಮಾತ್ರ ಸುದ್ದಿ ಅದಕ್ಕೆ ಮುಟ್ಟುತ್ತದೆ. ಆಗ ಅದು ನೀಲಿ ಪರದೆ ಹಾಕಿ ಕೈಚೆಲ್ಲುತ್ತದೆ.

ಗ್ರಹಾಂ ಕಳಿಸಿದ ಫರ್ಮ್‌ವೇರ್ ಲಾಗಿನಲ್ಲಿ ಹತ್ತು ಸಾಲುಗಳಿದ್ದವು. ಎಲ್ಲವೂ ಮೆಮೊರಿ ಸಿಕ್ಕಿಸುವ ಮೂರನೇ ಸ್ಲಾಟಿನವು, ಎಲ್ಲವೂ ಮೊದಲ ದಿನದವು. ಒಂಬತ್ತಲ್ಲ, ಹನ್ನೊಂದಲ್ಲ, ಸರಿಯಾಗಿ ಹತ್ತು. ಅದೇ ನನ್ನ ತಲೆ ಕೊರೆಯಿತು. ಮಂಗಳವಾರ ನಮ್ಮ ಲ್ಯಾಬಿನಲ್ಲಿ ಅದೇ ಮಾದರಿಯ ಸರ್ವರಿಗೆ ಬೇಕೆಂದೇ ಒಂದು ಕೆಟ್ಟ ಮೆಮೊರಿ ಹಾಕಿ ಓಡಿಸಿದೆ. ಅರ್ಧ ಗಂಟೆಯಲ್ಲಿ ಹತ್ತು ಸಾಲು ಬಂದವು. ಆಮೇಲೆ ಸಂಜೆಯವರೆಗೂ ಒಂದೂ ಬರಲಿಲ್ಲ. ರೀಸ್ಟಾರ್ಟ್ ಮಾಡಿದರೂ ಬರಲಿಲ್ಲ. ಲಾಗ್ ಅಳಿಸಿದೆ, ಮತ್ತೆ ಹತ್ತು ಬಂದು ನಿಂತವು.

ವಿಷಯ ಬಯಲಾಯಿತು. ದೋಷ ಹೆಚ್ಚಾದಾಗ ಬರೆಯುವುದರಲ್ಲೇ ಮೆಷಿನ್ ನಿಧಾನವಾಗಬಾರದೆಂದು, ಹತ್ತಾದ ಮೇಲೆ ಫರ್ಮ್‌ವೇರ್ ಬರೆಯುವುದನ್ನೇ ನಿಲ್ಲಿಸುತ್ತಿತ್ತು. ಯಾರಾದರೂ ಲಾಗ್ ಅಳಿಸುವವರೆಗೆ ಮತ್ತೆ ಪೆನ್ನು ಎತ್ತುತ್ತಿರಲಿಲ್ಲ. 'ಆಮೇಲೆ ಒಂದೂ ಇಲ್ಲ' ಎಂದು ಗ್ರಹಾಂ ಓದಿದ್ದು ಆ ಮೌನವನ್ನು.

ಇಷ್ಟಕ್ಕೇ ಅಂಕಲ್ ಪಾರಾಗುತ್ತಿರಲಿಲ್ಲ. ಕೆಡಿಸಿದ್ದು ಅವರೇ, ಆಮೇಲೂ ಕೆಟ್ಟೇ ಇತ್ತು ಎಂದು ಗ್ರಹಾಂ ಜಾರಿಕೊಳ್ಳಬಹುದಿತ್ತು. ಅವರು ಮುಟ್ಟುವ ಮೊದಲು ಲಾಗಿನಲ್ಲಿ ಏನಿತ್ತು ಎಂಬುದು ನನಗೆ ಬೇಕಿತ್ತು. ಆದರೆ ಗ್ರಾಹಕರಿಗೆ ಮೆಷಿನ್ ಹೊಸದಾಗಿ ಕಾಣಲೆಂದು, ಸಾಗಿಸುವ ಮುನ್ನ ಲಾಗ್ ಅಳಿಸುವುದು ಪರ್ತ್‌ನವರ ಪದ್ಧತಿ. ಗೋದಾಮಿನ ಡೆನೀಸ್‌ಗೆ ಫೋನ್ ಮಾಡಿದೆ. ಇಪ್ಪತ್ತು ವರ್ಷದಿಂದ ಅಲ್ಲಿದ್ದ, ಒಂದು ಚೀಟಿಯನ್ನೂ ಬಿಸಾಡದ ಹೆಂಗಸು.

"ಅಳಿಸುವ ಮುಂಚೆ ಪ್ರಿಂಟ್ ತೆಗೆದು ಫೈಲಿಗೆ ಹಾಕುತ್ತೇನೆ. ಅದನ್ನು ಇದುವರೆಗೆ ಯಾರೂ ಕೇಳಿಲ್ಲ," ಎಂದಳು.

ಬುಧವಾರ ಮಧ್ಯಾಹ್ನ ಫ್ಯಾಕ್ಸ್ ಬಂತು. ಮೂರನೇ ಸ್ಲಾಟ್, ಹತ್ತು ದೋಷ. ತಾರೀಖು ಅಂಕಲ್ ಆ ಮೆಷಿನ್ ನೋಡುವುದಕ್ಕೆ ಒಂಬತ್ತು ದಿನ ಮೊದಲಿನದು. ಕೆಳಗೆ "ಪರೀಕ್ಷೆ ಸರಿ, ಕಳಿಸಬಹುದು" ಎಂಬ ಮುದ್ರೆ, ಅದರ ಮೇಲೆ ಗ್ರಹಾಂನ ಸಹಿ.

ಆ ಫ್ಯಾಕ್ಸನ್ನು ಅವನಿಗೆ ಕಳಿಸಿದ್ದರೆ ಐದು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಕಳಿಸಲಿಲ್ಲ. ಬ್ಯಾಗಿನಲ್ಲಿಟ್ಟುಕೊಂಡು ಗುರುವಾರ ಅಡಿಲೇಡ್‌ಗೆ ಹಾರಿದೆ. ಗ್ರಾಹಕರಿಗೆ ವರದಿ ಒಪ್ಪಿಸಲು ಅವನೂ ಪರ್ತ್‌ನಿಂದ ಬಂದಿದ್ದ. ಪ್ಯಾಥಾಲಜಿ ಲ್ಯಾಬಿನ ಮುಖ್ಯಸ್ಥೆಯ ಎದುರು ಅವನು ತನ್ನ ವರದಿಯನ್ನು ಪೂರ್ತಿ ಓದಲು ಬಿಟ್ಟೆ. ಅಂಕಲ್ ಮೂಲೆಯ ಕುರ್ಚಿಯಲ್ಲಿ ತಲೆತಗ್ಗಿಸಿ ಕೂತಿದ್ದರು. ಅವನು ಓದಿ ಮುಗಿಸಿದ ಮೇಲೆ ಕೇಳಿದೆ: "ಹಾಗಾದರೆ ಮೆಷಿನ್ ಪರ್ತ್ ಬಿಡುವಾಗ ಒಂದು ದೋಷವೂ ಇರಲಿಲ್ಲ?"

"ಒಂದೂ ಇರಲಿಲ್ಲ."

"ನೀವೇ ನೋಡಿದ್ದಿರಾ?"

"ನಾನೇ ನೋಡಿದ್ದೆ."

ಫ್ಯಾಕ್ಸನ್ನು ಮುಖ್ಯಸ್ಥೆಯ ಕೈಗೆ ಕೊಟ್ಟೆ. ಆಕೆ ಓದಿ, ಅವನ ಕಡೆ ತಿರುಗಿಸಿ ಹಿಡಿದರು. ಗ್ರಹಾಂನ ಮುಖದ ಬಣ್ಣ ಹೋಯಿತು. ಆ ಕ್ಷಣ ನಾನು ಪಟ್ಟ ಸಂತೋಷಕ್ಕೆ ಇಂದಿಗೂ ನಾಚಿಕೆಯಿಲ್ಲ. ಮೂರನೇ ಸ್ಲಾಟಿಗೆ ಹೊಸ ಮೆಮೊರಿ ಹಾಕಿ, ಲಾಗ್ ಅಳಿಸಿ ಓಡಿಸಿದೆವು. ಮತ್ತೆ ಅದೇ ಸ್ಲಾಟಿನಲ್ಲಿ ಹತ್ತು ದೋಷ. ಕೆಟ್ಟಿದ್ದು ಮದರ್‌ಬೋರ್ಡೇ.

ಕಾರಿಡಾರಿನಲ್ಲಿ ಗ್ರಹಾಂ ದನಿ ತಗ್ಗಿಸಿ, "ವರದಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇದು ಇಲ್ಲಿಗೇ ಮುಗಿಯಲಿ," ಎಂದ. ನಾನು ಒಪ್ಪಲಿಲ್ಲ. "ವಿಲ್ಫ್ರೆಡ್ ತಪ್ಪು ಮಾಡಿಲ್ಲ. ತಪ್ಪು ನನ್ನದು" ಎಂಬ ಎರಡು ವಾಕ್ಯಗಳನ್ನು ಅವನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ, ಫೋನ್ ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ಕಳಿಸಿದೆ. ನಕ್ಕ ಇಬ್ಬರಿಗೆ ಮೊದಲು.

ಸಂಜೆ ಮಾಡ್ಬರಿಯ ಮನೆಯಲ್ಲಿ ಅಂಕಲ್ ಆ ಕಾಗದವನ್ನು ಮತ್ತೆ ಮತ್ತೆ ಓದಿದರು. "ಇಷ್ಟೆಲ್ಲ ಬೇಕಿತ್ತಾ ಮಾರಾಯ್ತಿ? ಅವನಿಗೂ ಮನೆ ಮಕ್ಕಳು ಉಂಟಲ್ಲ."

"ಬೇಕಿತ್ತು ಅಂಕಲ್. ನಿಮಗೂ ಮನೆ ಮಕ್ಕಳು ಇದ್ರಲ್ಲ!"

ತಪ್ಪನ್ನು ತಿದ್ದುವುದು ಒಂದು ಕೆಲಸ, ತಿದ್ದಿದ್ದನ್ನು ಮೇಲಿನವರಿಗೆ ತಿಳಿಸುವುದು ಇನ್ನೊಂದು. ಎರಡನೆಯದು ಯಾರದೆಂದು ಗೊತ್ತಾಗದಿದ್ದಾಗ ತಪ್ಪು ಕೈಗೆ ಸಿಕ್ಕ ಬಡಪಾಯಿಯ ಕುತ್ತಿಗೆಗೆ ಬರುತ್ತದೆ. ಲಾಗ್ ಖಾಲಿಯಿದ್ದರೆ, ಬರೆಯುವುದನ್ನು ಯಾರು ನಿಲ್ಲಿಸಿದರು, ಯಾರು ಅಳಿಸಿದರು ಎಂದು ನಾನು ಆಮೇಲೆ ಪ್ರತಿ ಪ್ರಕರಣದಲ್ಲೂ ಮೊದಲು ಕೇಳಿದೆ. ಎರಡು ವರ್ಷದ ನಂತರ ಅಡಿಲೇಡ್‌ನ ಇನ್ನೊಂದು ಕಡೆ ಅಂಕಲ್ ಜೊತೆ ಕೆಲಸಕ್ಕೆ ಹೋಗಿದ್ದೆ. ಮೆಷಿನ್ ಮುಟ್ಟುವ ಮೊದಲು ಅವರು ಟೂಲ್ ಬಾಕ್ಸಿನಿಂದ ಗ್ರಹಾಂನ ಆ ಕಾಗದದ ಜೆರಾಕ್ಸ್ ತೆಗೆದು ಗ್ರಾಹಕರಿಗೆ ತೋರಿಸಿದರು. ಯಾರೂ ಕೇಳಿರಲಿಲ್ಲ. ಹೋದಲ್ಲೆಲ್ಲ ಹೀಗೇ ತೋರಿಸುತ್ತಾರೆಂದು ಆಮೇಲೆ ತಿಳಿಯಿತು. ಗ್ರಹಾಂನನ್ನು ನಾನು ಇನ್ನೂ ಕ್ಷಮಿಸಿಲ್ಲ.