ಕುಳ್ಳಯ್ಯನ ಮಗಳು ಬಸ್ಸು ಕೇಳಲು ಹೋದದ್ದು

ಚಿಕ್ಕಬೋರಮ್ಮ ನಮ್ಮ ಬೀದಿಯ ಕುರಿ ಕುಳ್ಳಯ್ಯನ ಒಬ್ಬಳೇ ಮಗಳು. ಅಜ್ಜಿಯ ಹೆಸರು ಇಟ್ಟಿದ್ದರು, ಮನೆಯಲ್ಲಿ ಬೋರಿ. ಬಿಂಡಿಗನವಿಲೆಯಿಂದ ನಾಲ್ಕು ಮೈಲಿ ಒಳಕ್ಕಿರುವ ನಮ್ಮೂರಲ್ಲಿ ಹೈಸ್ಕೂಲು ದಾಟಿದ ಹೆಣ್ಣು ಆಗ ಒಂದೂ ಇರಲಿಲ್ಲ.

ಅವಳು ಎಂಟನೇ ಕ್ಲಾಸಿಗೆ ಬಂದದ್ದು ತೊಂಬತ್ತಮೂರರಲ್ಲಿ. ಆ ವರ್ಷವೇ ರಿಟೈರಾಗಿದ್ದ ಮಂಚಯ್ಯ ಮೇಷ್ಟ್ರು ಶಾಲೆಯ ಜಗಲಿಯಲ್ಲಿ ಭಾನುವಾರದ ತರಗತಿ ಶುರುಮಾಡಿದರು. ಅದು ಪುಸ್ತಕದ ಪಾಠವಲ್ಲ. ಮಕ್ಕಳು ಕಾಲೇಜಿಗೆ, ಕೆಲಸಕ್ಕೆ, ನಾಲ್ಕು ಜನರ ಮುಂದಾಳುತನಕ್ಕೆ ತಯಾರಾಗಬೇಕು, ಅದಕ್ಕೆ ಮೂರು ವರ್ಷ ಬೇಕು ಎನ್ನುವುದು ಮೇಷ್ಟ್ರ ಎಣಿಕೆ. ಮೊದಲ ವರ್ಷ ಎದ್ದು ನಿಂತು ಮಾತಾಡುವುದು. ಎರಡನೇ ವರ್ಷ ಅರ್ಜಿ ಬರೆಯುವುದು, ಬ್ಯಾಂಕು, ಪೋಸ್ಟಾಫೀಸಿಗೆ ಹೋಗಿ ಬರುವುದು. ಮೂರನೇ ವರ್ಷ ಒಬ್ಬೊಬ್ಬರೂ ಊರಿನದೊಂದು ಕೆಲಸ ಹಿಡಿದು ಮುಗಿಸಬೇಕು. ಎಲ್ಲಕ್ಕೂ ಒಂದೇ ಕಟ್ಟಳೆ: ಎದುರಿನವರು ಆಡಿದ್ದನ್ನು ಮೊದಲು ಬಿಡದಂತೆ ತಿರುಗಿ ಹೇಳು, ಆಮೇಲೆ ನಿನ್ನದನ್ನು ಹೇಳು.

ಊರವರು ನಗುತ್ತಿದ್ದರು. ಕುಳ್ಳಯ್ಯನಂತೂ ಒಂದು ದಿನ ನಿಂತು ಕೇಳಿದ: "ಏನ್ ಮೇಷ್ಟ್ರೇ, ನಮ್ ಬೋರೀನ ಎಲೆಕ್ಷನ್‌ಗೆ ನಿಲ್ಲಿಸ್ತೀರಾ? ನಮ್ ಕುರಿಗೊಳೆಲ್ಲ ಅವಳ್ಗೇ ಓಟಾಕ್ತವೆ ಬುಡಿ."

ಜಗಲಿಯ ಪಕ್ಕದ ಗೋಡೆಯಾಚೆಗೇ ನನ್ನ ಮನೆ. ರಾಗಿ ಕೇರುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಬೋರಿಯ ಮಾತು ಕಡಿಮೆ. ಆದರೆ ಬೇರೆಯವರ ಮಾತನ್ನು ತಿರುಗಿ ಹೇಳುವಾಗ ಅದರಲ್ಲಿ ಒಂದು ಕಾಳೂ ಚೆಲ್ಲುತ್ತಿರಲಿಲ್ಲ.

ಮೂರನೇ ವರ್ಷ ಅವಳು ಹಿಡಿದದ್ದು ಬಸ್ಸಿನ ಕೆಲಸ. ನಾಗಮಂಗಲದಲ್ಲಿ ಪಿಯುಸಿ ಒಂಬತ್ತಕ್ಕೆ ಶುರು. ನಮ್ಮೂರಿನ ಮೊದಲ ಬಸ್ಸು ಹತ್ತೂವರೆಗೆ. ಅಪ್ಪ ಮೊದಲೇ ಹೇಳಿಬಿಟ್ಟಿದ್ದ, ಊರಿಗೇ ಬಸ್ ಬಂದರೆ ಓದು, ಮಬ್ಬುಗತ್ತಲಲ್ಲಿ ಕುರುಚಲು ಕಾಡು ದಾಟಿ ಬಿಂಡಿಗನವಿಲೆಗೆ ನಡೆಯಲು ಬಿಡುವುದಿಲ್ಲ ಎಂದು. ಬೆಳಗಿನ ಬಸ್ಸು ಬರದಿದ್ದರೆ ಅವಳ ಓದು ಹತ್ತನೇ ಕ್ಲಾಸಿಗೇ ಮುಗಿಯಿತು.

ಪರೀಕ್ಷೆ ಮುಗಿದ ಮೇಲೆ ಬೋರಿಯೂ ನಾನೂ ಬಸ್ ಡಿಪೋಗೆ ಹೊರಟೆವು. ಹೆಣ್ಣುಹುಡುಗಿಯ ಜೊತೆಗೆ ಇರಲಿ ಎಂದು ಮೇಷ್ಟ್ರು ನನ್ನನ್ನು ಕಳಿಸಿದರು. ಮಾತು ಮಾತ್ರ ಅವಳೇ ಆಡಬೇಕೆಂದರು.

ಅಲ್ಲಿನ ಸಾಹೇಬರು ಅರ್ಜಿ ಓದಿ ನಿಧಾನವಾಗಿ ವಿಷಯ ಹೇಳಿದರು. ಎರಡು ವರ್ಷದ ಹಿಂದೆ ಸಂಜೆ ಬಸ್ಸು ನಿಮ್ಮೂರಲ್ಲೇ ತಂಗಿ ಬೆಳಿಗ್ಗೆ ಏಳೂವರೆಗೆ ಹೊರಡುತ್ತಿತ್ತು. ಕುರಿಮರಿಗಳಿಗೆ ಲಗೇಜು ಟಿಕೆಟ್ ಕೇಳಿದನೆಂದು ಕಂಡಕ್ಟರ್ ನರಸಯ್ಯನನ್ನು ನಿಮ್ಮೂರವನೊಬ್ಬ ಬೈದು, ಡ್ರೈವರು ಕಂಡಕ್ಟರು ಮಲಗುತ್ತಿದ್ದ ಚಾವಡಿಗೆ ಬೀಗ ಹಾಕಿಸಿದ. ಅವತ್ತಿನಿಂದ ನಮ್ಮ ಹುಡುಗರು ಯಾರೂ ಅಲ್ಲಿ ತಂಗಲು ಒಪ್ಪುವುದಿಲ್ಲ.

ಆ ಒಬ್ಬ ಯಾರೆಂದು ಊರಿಗೇ ಗೊತ್ತು. ನಾನು ನೆಲ ನೋಡಿದೆ. ಬೋರಿ ಅಷ್ಟನ್ನೂ, ಬೈಗುಳ, ಬೀಗ, ಏನನ್ನೂ ಬಿಡದೆ ತಿರುಗಿ ಹೇಳಿದಳು. ಆಮೇಲೆ ತನ್ನದು ಹೇಳಿದಳು:

"ಆ ಒಬ್ರು ನಮ್ಮಪ್ಪ ಸಾರ್."

ಸಾಹೇಬರು ಪೆನ್ನು ಕೆಳಗಿಟ್ಟರು. ಮಲಗಲು ಜಾಗವಾಗಲಿ, ನರಸಯ್ಯ ಒಪ್ಪಲಿ, ಆಗ ಬಸ್ಸು ಬಿಡಲು ತಮ್ಮ ಅಡ್ಡಿಯಿಲ್ಲ ಎಂದರು.

ಸಾಯಂಕಾಲ ಕುಳ್ಳಯ್ಯನಿಗೆ ಹೇಳುವಾಗಲೂ ನಾನಿದ್ದೆ. ಅವನ ಮುಖ ಕಪ್ಪಿಟ್ಟಿತು. "ಎತ್ತಪ್ಪನ ಮಾನ ಅರಾಜ್ ಆಕ್ಬುಟ್ ಬಂದ್ಯಾ?"

"ನಿನ್ ಮಾನ ಓಯ್ತು ಅಂತೀಯ. ನಾನ್ ಅರಾಜ್ ಆಕ್ದೆ ಅಂತೀಯ," ಎಂದಳು ಬೋರಿ. "ಈಗ ನಂದು ಕೇಳಪ್ಪ. ಬಸ್ ಬರ್ನಿಲ್ಲ ಅಂದ್ರೆ ಕುರಿ ಹಿಂದೆ ಓಯ್ತೀನಿ. ಬಸ್ ಯಾಕ್ ಬರ್ನಿಲ್ಲ ಅಂತ ಯಾರಾರ ಕೇಳುದ್ರೆ ಸುಳ್ ಯೋಳಾಕಿಲ್ಲ."

ಕುಳ್ಳಯ್ಯ ಎದ್ದು ಕುರಿಹಟ್ಟಿಗೆ ಹೋದ. ಐದನೇ ದಿನ ಒಗೆದ ಅಂಗಿ ತೊಟ್ಟು ನರಸಯ್ಯನನ್ನು ಹುಡುಕಿಕೊಂಡು ಬೆಳ್ಳೂರು ಕ್ರಾಸಿಗೆ ಹೊರಟ. ಅಲ್ಲಿ ಹೋಟೆಲಿನಲ್ಲಿ ನರಸಯ್ಯ ಸಿಕ್ಕಿದ್ದನ್ನು ಕುಳ್ಳಯ್ಯನೇ ಬಂದು ನನಗೆ ಹೇಳಿದ. ತಪ್ಪು ತನ್ನದೇ, ಮಲಗಲು ತನ್ನ ಮನೆಯ ಮುಂದಲ ಕೋಣೆ ಬಿಟ್ಟುಕೊಡುತ್ತೇನೆ ಎಂದನಂತೆ.

"ಕೋಣೆ ತುಂಬ ಕುರಿ ವಾಸ್ನೆ ಇರ್ತದಲ್ಲಾ ಕುಳ್ಳಯ್ಯ?" ಎಂದಿದ್ದಾನೆ ನರಸಯ್ಯ.

"ಅದ್ಕೂ ಲಗೇಜು ಟಿಕೆಟ್ ಅರ್ದ್ ಕೊಡು ಬುಡಪ್ಪ, ತಕ್ಕೋತೀನಿ."

ಇಬ್ಬರೂ ಕಾಫಿ ಕುಡಿದರಂತೆ. ಕಾಸು ಕೊಟ್ಟದ್ದು ಯಾರೆಂದು ಇವನು ಹೇಳಲಿಲ್ಲ.

ಕಾಲೇಜು ಶುರುವಾಗುವ ವಾರವೇ ಬಸ್ಸು ಬಂತು. ಮೊದಲ ದಿನ ಬೋರಿಯ ಜೊತೆ ಇನ್ನಿಬ್ಬರು ಹುಡುಗಿಯರು ಹತ್ತಿದರು. ಪಿಯುಸಿ ಮುಗಿಸಿ ಅವಳೀಗ ಮಂಡ್ಯದಲ್ಲಿ ನರ್ಸ್ ಟ್ರೈನಿಂಗಿನಲ್ಲಿದ್ದಾಳೆ. ಈ ವರ್ಷ ಬೆಳಗಿನ ಬಸ್ಸಿಗೆ ಹನ್ನೊಂದು ಹೆಣ್ಣುಮಕ್ಕಳು.

ಕುಳ್ಳಯ್ಯ ಈಗಲೂ ಡ್ರೈವರು ಕಂಡಕ್ಟರಿಗೆ ಬಿಸಿನೀರು ಕಾಯಿಸಿಕೊಡುತ್ತಾನೆ. ಕುರಿಗಳು ಎಷ್ಟು ಅರಚಿಕೊಂಡರೂ ಬಸ್ಸು ಊರು ದಾಟುವವರೆಗೆ ಹಟ್ಟಿಯ ಬಾಗಿಲು ತೆಗೆಯುವುದಿಲ್ಲ. ಮಂದೆ ದಾರಿಗೆ ಅಡ್ಡ ಬಂದರೆ ಮಕ್ಕಳಿಗೆ ಹೊತ್ತಾಗುತ್ತದಂತೆ.